ದೊಡ್ಡ ಬಾಸ್ ಮೀನು ಗಾಳ ಕಳಚಿಕೊಳ್ಳದಿರಲು ಬ್ರೇಡ್ ದಾರ ವಾಸಿಯೋ, ಮೊನೊ ದಾರ ವಾಸಿಯೋ?

ಗಾಳಕ್ಕೆ ಬಿದ್ದ ಬಾಸ್ ನೀರಿಂದ ಮೇಲೆ ಹಾರುತ್ತದೆ. ಬಾಯಿ ಅಗಲಿಸಿ ತಲೆ ಕೊಡವುತ್ತದೆ. ಅಷ್ಟೇ, ದಾರ ಸಡಿಲವಾಗಿ ಕೈಗೆ ಬರುತ್ತದೆ. ಲಾರ್ಜ್‌ಮೌತ್ ಬಾಸ್ ಹಿಡಿಯುವ ಎಲ್ಲರಿಗೂ ಈ ನೋವು ಗೊತ್ತು ಅಲ್ವಾ? ಹೀಗೆ ಒಳ್ಳೊಳ್ಳೆಯ ಮೀನುಗಳನ್ನು ಕಳೆದುಕೊಂಡ ಮೇಲೆ, ಎರಡು ರಾಡ್ ಕಟ್ಟಿಕೊಂಡು ಒಂದು ಇಡೀ ಸೀಸನ್ ಹೋಲಿಸಿ ನೋಡಿದೆ. ಒಂದು ಬಿರುಸಾದ ಹೆವಿ ರಾಡ್, ಅದಕ್ಕೆ 50 ಪೌಂಡ್ ಎಳೆತ ತಡೆಯುವ ಬ್ರೇಡ್, ಅಂದರೆ ಎಳೆಗಳನ್ನು ಹೆಣೆದು ಮಾಡಿದ ದಾರ. ಇನ್ನೊಂದು ಚೆನ್ನಾಗಿ ಬಾಗುವ ಫೈಬರ್‌ಗ್ಲಾಸ್ ರಾಡ್, ಅದಕ್ಕೆ 12 ಪೌಂಡ್ ಮೊನೊ, ಅಂದರೆ ಒಂದೇ ಎಳೆಯ ನೈಲಾನ್ ದಾರ.

ಮೊದಲು ಕ್ರ್ಯಾಂಕ್‌ಬೇಟ್, ಅಂದರೆ ಚಿಕ್ಕ ಮೀನಿನ ಆಕಾರದ ಗಟ್ಟಿ ಕೃತಕ ಎರೆ. ಬ್ರೇಡ್ ಗಟ್ಟಿ, ಅದೇ ಗೆಲ್ಲುತ್ತದೆ ಅಂದುಕೊಂಡಿದ್ದೆ. ಆಗಿದ್ದು ಉಲ್ಟಾ. ಕ್ರ್ಯಾಂಕ್‌ಬೇಟಿನಲ್ಲಿರುವುದು ಮೂರು ಮೊನೆಯ ಟ್ರೆಬಲ್ ಗಾಳ. ಅದರ ತಂತಿ ತೆಳು, ಮೊನೆ ಚಿಕ್ಕದು. ಎಷ್ಟೋ ಸಲ ಅದು ಬಾಯಿಯ ಪಕ್ಕದ ತೆಳು ಚರ್ಮಕ್ಕೆ ಮಾತ್ರ ಸಿಕ್ಕಿರುತ್ತದೆ. ಬ್ರೇಡ್ ಹಿಗ್ಗುವುದೇ ಇಲ್ಲ ಅನ್ನಬಹುದು. ಮೀನು ತಲೆ ಕೊಡವಿದ ಒಂದೊಂದು ಏಟೂ ನೇರ ಆ ಚರ್ಮಕ್ಕೇ ಬೀಳುತ್ತದೆ. ತೂತು ದೊಡ್ಡದಾಗುತ್ತಾ ಹೋಗಿ, ಕೊನೆಗೆ ಗಾಳ ಸುಮ್ನೆ ಉದುರಿಬಿಡುತ್ತದೆ. ಮೊನೊ ಕಟ್ಟಿದ ರಾಡ್‌ನಲ್ಲಿ ಮೀನು ಎಳೆದಾಗ ದಾರ ಹಿಗ್ಗಿತು, ರಾಡ್ ಬಾಗಿತು. ಆದರೆ ಬಿಗಿ ತಪ್ಪಲಿಲ್ಲ. ಬ್ರೇಡಿನಲ್ಲಿ ತಪ್ಪಿಸಿಕೊಳ್ಳುತ್ತಿದ್ದಂಥ ಮೀನುಗಳೇ ಇದರಲ್ಲಿ ದಡಕ್ಕೆ ಬಂದವು.

ಜಿಗ್ (ತಲೆಯಲ್ಲಿ ಭಾರವಿರುವ ಗಾಳ) ಮತ್ತು ಪ್ಲಾಸ್ಟಿಕ್ ಹುಳಕ್ಕೆ ಇಳಿದಾಗ ಆಟ ತಿರುಗಿತು. ಇಲ್ಲಿ ಒಂದೇ ಗಾಳ, ಅದೂ ದಪ್ಪ. ಹುಳದಲ್ಲಿ ಅದು ಪ್ಲಾಸ್ಟಿಕ್ ಸೀಳಿ ಹೊರಬಂದು ಗಟ್ಟಿ ದವಡೆಗೆ ನೆಡಬೇಕು. ದೂರದಲ್ಲಿ ಕಚ್ಚಿದರೆ ನಾನು ಎಳೆದ ಎಳೆತವನ್ನೆಲ್ಲ ಮೊನೊ ಹಿಗ್ಗಿ ನುಂಗುತ್ತಿತ್ತು. ಮೊನೆ ಚುಚ್ಚುತ್ತದೆ, ಅದರ ಹಿಂದಿನ ಮುಳ್ಳು ಒಳಗೆ ಹೋಗುವುದಿಲ್ಲ. ಮೀನು ಅರ್ಧ ದಾರಿ ಬಂದು ಬಾಯಿ ತೆರೆದರೆ ಮುಗಿಯಿತು. ಬ್ರೇಡಿನಲ್ಲಿ ಒಂದೇ ಜಗ್ಗಿಗೆ ಗಾಳ ಮೇಲ್ದವಡೆಯಲ್ಲಿ ಕೂತಿತು. ಕಳೆ ತುಂಬಿದ ಜಾಗದಲ್ಲಂತೂ ಬೇರೆ ಯೋಚನೆಯೇ ಬೇಡ, ಬ್ರೇಡ್ ಕಳೆಯನ್ನು ಕೊಯ್ದುಕೊಂಡು ಬರುತ್ತದೆ. ಕಲ್ಲು ಜಾಸ್ತಿ ಇರುವ ತಿಳಿ ನೀರಾದರೆ ಜಿಗ್‌ಗೆ ಫ್ಲೋರೋಕಾರ್ಬನ್ ಎಂಬ ಇನ್ನೊಂದು ಬಗೆಯ ದಾರ ಹಾಕುತ್ತೇನೆ.

ಹಾಗಾಗಿ ಈಗ ನಾನು ಮೊದಲು ಗಾಳ ನೋಡುತ್ತೇನೆ, ಆಮೇಲೆ ದಾರ. ಟ್ರೆಬಲ್‌ಗೆ ಮೊನೊ, ದಪ್ಪ ಒಂಟಿ ಗಾಳಕ್ಕೆ ಬ್ರೇಡ್.

ಡ್ರ್ಯಾಗ್, ಅಂದರೆ ಮೀನು ಎಷ್ಟು ಜೋರಾಗಿ ಎಳೆದರೆ ರೀಲ್ ದಾರ ಬಿಡಬೇಕು ಅನ್ನುವ ಬಿಗಿ, ಅದೂ ಹೀಗೆಯೇ. ಟ್ರೆಬಲ್ ಇದ್ದಾಗ ದಾರದ ಬಲದ ಕಾಲು ಭಾಗಕ್ಕೆ ಇಡುತ್ತೇನೆ. ಅಂದರೆ 12 ಪೌಂಡ್ ಮೊನೊಗೆ ಸುಮಾರು 3 ಪೌಂಡ್. ಬೆರಳಲ್ಲಿ ಎಳೆದು ಅಂದಾಜು ಮಾಡಬೇಡಿ, ಸ್ಪ್ರಿಂಗ್ ತಕ್ಕಡಿಗೆ ದಾರ ಕಟ್ಟಿ ಎಳೆದು ನೋಡಿ. ಕಳೆಯೊಳಗೆ ಜಿಗ್ ಬಿಟ್ಟಾಗ ಡ್ರ್ಯಾಗ್ ಹೆಚ್ಚುಕಡಿಮೆ ಪೂರ್ತಿ ಬಿಗಿ.

ಮೀನು ಹಾರಿದಾಗ ರಾಡ್ ಮೇಲೆತ್ತಬೇಕೋ, ತಗ್ಗಿಸಬೇಕೋ? ಎರಡೂ ಮಾಡಿದ್ದೇನೆ. ಮೇಲೆತ್ತಿದರೆ ಮೀನಿನ ತಲೆಯೂ ಮೇಲೆದ್ದು ಹಾರಾಟ ಜಾಸ್ತಿಯಾಗುತ್ತದೆ. ಒಳಗೆ ಗುಂಡು ತುಂಬಿದ ಭಾರದ ಲಿಪ್‌ಲೆಸ್ (ಮುಂದೆ ತುಟಿಯಂಥ ಹಲಗೆ ಇಲ್ಲದ) ಕ್ರ್ಯಾಂಕ್‌ಬೇಟ್ ಆದರೆ ಇನ್ನೂ ಕಷ್ಟ. ಮೀನು ತಲೆ ಕೊಡವಿದಾಗ ಆ ಭಾರವೇ ಬೀಸಿ ಗಾಳವನ್ನು ಮೀಟುತ್ತದೆ. ಮೀನು ಹಾರುವ ಮುಂಚೆ ನೀರೊಳಗಿನ ದಾರ ಮೇಲೇರುತ್ತಾ ಬರುತ್ತದೆ. ಅದು ಕಂಡ ಕೂಡಲೇ ರಾಡ್ ತುದಿಯನ್ನು ನೀರಿನ ಹತ್ತಿರಕ್ಕೆ, ಪಕ್ಕಕ್ಕೆ ತಗ್ಗಿಸಿ ಸುತ್ತುತ್ತಲೇ ಇರಿ. ದಾರ ಒಂದು ಕ್ಷಣವೂ ಸಡಿಲವಾಗಬಾರದು.

ನಾನು ಜಾಸ್ತಿ ಮೀನು ಕಳೆದುಕೊಂಡದ್ದು ದೋಣಿಯ ಪಕ್ಕದಲ್ಲೇ. ಮೀನು ದೋಣಿ ಕಂಡು ಮತ್ತೊಮ್ಮೆ ಕೆಳಗೆ ನುಗ್ಗುತ್ತದೆ. ಆಗ ಹೊರಗಿರುವ ದಾರ ತೀರಾ ಗಿಡ್ಡ, ಮೊನೊ ಕೂಡ ಹಿಗ್ಗಿ ಕಾಪಾಡುವುದಿಲ್ಲ. ಡ್ರ್ಯಾಗ್ ಒಂದು ಸುತ್ತು ಸಡಿಲಿಸಿ, ಅದಕ್ಕೆ ಓಡಲು ಬಿಡುತ್ತೇನೆ. ಬಲೆಯನ್ನು ಮೊದಲೇ ನೀರಲ್ಲಿ ಇಳಿಸಿಟ್ಟು, ಮೀನು ದಣಿದು ಪಕ್ಕಕ್ಕೆ ವಾಲಿದ ಮೇಲೆ ತಲೆ ಮುಂದಾಗಿ ಅದರೊಳಗೆ ತರುತ್ತೇನೆ.