ಮುಂಬೈ ಮ್ಯಾರಥಾನ್ ಹಾಫ್: ಟೈಮಿಂಗ್ ಬೇಕು ಅನ್ನೋರು ಹೋಗ್ಬೇಡಿ, ಜನ ಬೇಕು ಅನ್ನೋರು ಹೋಗಿ

ಮೊದ್ಲೇ ಹೇಳ್ಬಿಡ್ತೀನಿ, ನಾನೇನು ದೊಡ್ಡ ರನ್ನರ್ ಅಲ್ಲ. ದಾವಣಗೆರೆ ಮಂಡಿಪೇಟೆಲಿ ಅಂಗಡಿ, ಬೆಳಗ್ಗೆಯಿಂದ ರಾತ್ರಿ ತನಕ ಗಲ್ಲಾ ಮೇಲೆ ಕೂತಿರೋ ಜೀವ, ನಲವತ್ತು ದಾಟ್ತಿದ್ದಂಗೆ ಡಾಕ್ಟ್ರು ಶುಗರ್ ಬಾರ್ಡರಲ್ಲೈತೆ ಅಂದ್ರು ಅಂತ ಕುಂದವಾಡ ಕೆರೆಗೆ ವಾಕಿಂಗ್ ಹೋಗೋಕೆ ಶುರು ಮಾಡಿದೆ, ವಾಕಿಂಗ್ ಹೋಗಿ ಜಾಗಿಂಗ್ ಆಯ್ತು, ಅಲ್ಲಿ ಒಬ್ಬ ಪಿಟಿ ಮೇಷ್ಟ್ರು ಗಂಟು ಬಿದ್ರು, ಆಮೇಲೆ ಈ ಹುಚ್ಚು ಹತ್ಕೊಂತು. 2024ರ ಜನವರಿಲಿ ನಾನು, ಮೇಷ್ಟ್ರು, ನನ್ನ ಷಡ್ಡಕ ಮೂರು ಜನ ಮುಂಬೈಗೆ ಹೋಗಿ ಹಾಫ್ ಓಡಿ ಬಂದ್ವಿ. ಹಾಫ್ ಅಂದ್ರೆ 21 ಕಿಲೋಮೀಟರ್ ಮೇಲೆ ಸ್ವಲ್ಪ. ಪ್ರತಿ ವರ್ಷ ರಿಜಿಸ್ಟ್ರೇಷನ್ ಟೈಮ್ ಬಂತು ಅಂದ್ರೆ ಕೆರೆ ಏರಿ ಮೇಲೆ ಒಬ್ರಲ್ಲ ಒಬ್ರು ನಿಲ್ಸಿ ಕೇಳ್ತಾರೆ, ಹೆಂಗಿತ್ತಣ್ಣ, ಹೋಗ್ಬಹುದಾ, ದುಡ್ಡಿಗೆ ಮೋಸ ಇಲ್ವಾ ಅಂತ. ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೀತಿದೀನಿ. ರೂಟು ಆಮೇಲೆ ಬದಲಾಗಿದ್ರೆ ನೀವೇ ನೋಡ್ಕೊಳ್ಳಿ, ನಾನು ಹೇಳೋದು ನಾನು ಓಡಿದ್ದು.

ತಯಾರಿ ಬಗ್ಗೆ ಜಾಸ್ತಿ ಹೇಳಲ್ಲ. ನಮ್ಮೂರಲ್ಲಿ ಓಡೋಕೆ ಎರಡು ತೊಂದರೆ, ಒಂದು ನಾಯಿ, ಇನ್ನೊಂದು ಏರಿಲ್ಲ. ಊರು ತಟ್ಟೆ ಇದ್ದಂಗೈತೆ. ಮುಂಬೈಲಿ ಪೆಡ್ಡರ್ ರೋಡ್ ಅಂತ ಒಂದು ಏರು ಬರುತ್ತೆ, ಅಲ್ಲಿ ಎಲ್ಲರೂ ಬೀಳ್ತಾರೆ ಅಂತ ಮೇಷ್ಟ್ರು ಎಲ್ಲೋ ಓದಿ ತಲೆ ಕೆಡಿಸ್ಕೊಂಡು ನಾಲ್ಕು ಭಾನುವಾರ ನಮ್ಮನ್ನ ಕಾರಲ್ಲಿ ತುಂಬ್ಕೊಂಡು ದುರ್ಗಕ್ಕೆ ಹೋಗಿ ಜೋಗಿಮಟ್ಟಿ ರೋಡಲ್ಲಿ ಏರಿಸಿದ್ರು. ಮೊದಲ ವಾರ ನನ್ನ ಷಡ್ಡಕ ಅರ್ಧಕ್ಕೇ ಕಲ್ಲಿನ ಮೇಲೆ ಕೂತ್ಕೊಂಡು 'ನೀವ್ ಹೋಗ್ಬರ್ರಿ ಭಾವ, ನಾನು ಚಪ್ಲಿ ಕಾಯ್ತೀನಿ' ಅಂದ. ಚಪ್ಲಿ ಯಾರೂ ಬಿಟ್ಟಿರ್ಲಿಲ್ಲ. ಆದ್ರೆ ಒಂದು ಮಾತು, ಜೋಗಿಮಟ್ಟಿ ಏರಿದವನಿಗೆ ಪೆಡ್ಡರ್ ರೋಡ್ ಏನೇನೂ ಅಲ್ಲ, ಅದು ಆಮೇಲೆ ಗೊತ್ತಾಯ್ತು.

ಹೋಗೋದು ಸುಲಭ, ದಾವಣಗೆರೆಯಿಂದ ದಾದರಿಗೆ ನೇರ ರೈಲೈತೆ. ಹುಬ್ಬಳ್ಳಿ ಬೆಳಗಾವಿ ಪುಣೆ ಮೇಲೆ ಹೋಗುತ್ತೆ, ಮಲ್ಕೊಂಡ್ರೆ ಆಯ್ತು. ತಿಳ್ಕೊಳ್ಬೇಕಾದ್ದು ಏನಂದ್ರೆ ಬಿಬ್, ಅಂದ್ರೆ ಎದೆ ಮೇಲೆ ಹಚ್ಕೊಳ್ಳೋ ನಂಬರ್ ಚೀಟಿ, ಓಟದ ದಿನ ಕೊಡಲ್ಲ, ಹಿಂದಿನ ದಿನಗಳಲ್ಲಿ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಲ್ಲಿ ಎಕ್ಸ್‌ಪೋ ಇರುತ್ತೆ, ಐಡಿ ಕಾರ್ಡ್ ತಗೊಂಡು ಅಲ್ಲಿಗೇ ಹೋಗ್ಬೇಕು. ಹಂಗಾಗಿ ಶನಿವಾರ ರಾತ್ರಿ ಹೊರಟು ಭಾನುವಾರ ಓಡಿ ಬರ್ತೀನಿ ಅನ್ನೋ ಲೆಕ್ಕ ನಡಿಯಲ್ಲ, ಶುಕ್ರವಾರನೇ ಅಂಗಡಿಗೆ ಯಾರನ್ನಾದ್ರೂ ಕೂರಿಸಿ ಹೊರಡಿ. ಬಿಬ್ ಕೊಡೋ ಕೆಲಸ ಮಾತ್ರ ಎಷ್ಟು ನೀಟು ಅಂದ್ರೆ ಹತ್ತು ನಿಮಿಷಕ್ಕೆ ಮುಗೀತು, ಮುಗಿದ ಮೇಲೆ ಎರಡು ಗಂಟೆ ಅಲ್ಲೇ ಸುತ್ತಾಡಿ ಸುಮ್ನೆ ಕಾಲು ನೋಯಿಸ್ಕೊಂಡ್ವಿ. ಅದು ನಮ್ಮ ತಪ್ಪು. ಓಟದ ಹಿಂದಿನ ದಿನ ಕಾಲು ಮೇಲೆ ಮಾಡಿ ಮಲಗ್ಬೇಕು, ಫ್ರೀ ಎನರ್ಜಿ ಡ್ರಿಂಕ್ ಸಿಗುತ್ತೆ ಅಂತ ಸ್ಟಾಲ್ ಸ್ಟಾಲ್ ತಿರುಗಬಾರದು.

ಲಾಡ್ಜಿನ ಕಥೆ ಬೇಡ ಅನ್ಸುತ್ತೆ, ಆದ್ರೂ ಹೇಳ್ತೀನಿ. ದಾದರ್ ಹತ್ರ ಒಂದು ಕಡೆ ರೂಮ್ ಹಿಡಿದ್ವಿ, ಹೆಸರು ಬೇಡ ಬಿಡಿ. ಫೋಟೋದಲ್ಲಿ ಕಿಟಕಿ ಇತ್ತು, ರೂಮಲ್ಲಿ ಇರ್ಲಿಲ್ಲ. ರಾತ್ರಿ ಪೂರ್ತಿ ಪಕ್ಕದಲ್ಲಿ ಮದುವೆ ಡೋಲು. ಎರಡೂವರೆಗೆ ಅಲಾರ್ಮ್ ಇಟ್ಟಿದ್ವಿ, ಅದಕ್ಕೆ ಮುಂಚೆ ಮೂರೂ ಜನ ಎದ್ದೇ ಕೂತಿದ್ವಿ. ಶನಿವಾರ ರಾತ್ರಿ ಊಟ ಮಾತ್ರ ಮಾಟುಂಗಾದ ಒಂದು ಉಡುಪಿ ಹೋಟೆಲಲ್ಲಿ, ಬಡಿಸೋರು ಕನ್ನಡದೋರೇ, ಅನ್ನ ಸಾರು ಮೊಸರು, ಓಟದ ಹಿಂದಿನ ರಾತ್ರಿ ಇದಕ್ಕಿಂತ ಒಳ್ಳೆ ಊಟ ಇಲ್ಲ. ಖಾರ ಮಂಡಕ್ಕಿ ಕಟ್ಕೊಂಡು ಹೋಗಿದ್ವಿ, ಮೇಷ್ಟ್ರು ಓಟ ಮುಗಿಯೋ ತನಕ ಗಂಟು ಬಿಚ್ಚೋಕೆ ಬಿಡ್ಲಿಲ್ಲ.

ಹಾಫ್ ಶುರುವಾಗೋದು ಮಾಹಿಮ್ ರೇತಿ ಬಂದರ್ ಕಡೆಯಿಂದ, ಮುಗಿಯೋದು ಸಿಎಸ್‌ಎಂಟಿ, ಅಂದ್ರೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ರೈಲ್ವೆ ಸ್ಟೇಷನ್ ಹತ್ರ. ಫುಲ್, ಅಂದ್ರೆ 42 ಕಿಲೋಮೀಟರ್ ಚಿಲ್ಲರೆ ಓಡೋರಿಗೆ ಹೊರಡೋದೂ ಮುಗಿಯೋದೂ ಎರಡೂ ಸಿಎಸ್‌ಎಂಟಿನೇ. ಇದನ್ನ ಸರಿಯಾಗಿ ನೋಡ್ಕೊಳ್ಳಿ, ನಮ್ಮ ಲಾಡ್ಜಲ್ಲೇ ಇದ್ದ ಕೊಲ್ಹಾಪುರದ ಹುಡುಗ ಒಬ್ಬ ಹಾಫ್ ಬಿಬ್ ಹಾಕ್ಕೊಂಡು ಸಿಎಸ್‌ಎಂಟಿಗೆ ಹೊರಟಿದ್ದ, ನಾವು ಮೆಟ್ಟಿಲ ಮೇಲೆ ಹಿಡಿದು ನಿಲ್ಸಿದ್ವಿ. ಮ್ಯಾರಥಾನ್ ದಿನ ನಸುಕಿಗೇ ಸ್ಪೆಷಲ್ ಲೋಕಲ್ ಬಿಡ್ತಾರೆ. ಆ ಡಬ್ಬಿಲಿ ಕೂತಿದ್ದ ಒಬ್ರೂ ಮಾಮೂಲಿ ಪ್ಯಾಸೆಂಜರ್ ಅಲ್ಲ, ಎಲ್ಲರ ಎದೆ ಮೇಲೂ ನಂಬರು, ಬಾಳೆಹಣ್ಣಿನ ವಾಸನೆ, ಮೂವ್ ವಾಸನೆ, ಯಾರೂ ಮಾತಾಡ್ತಿರ್ಲಿಲ್ಲ, ಪರೀಕ್ಷೆಗೆ ಹೋಗೋ ಮಕ್ಕಳ ಥರ.

ಬೆಳಗಿನ ಜಾವ 5ಕ್ಕೆ ಓಟ ಬಿಟ್ರು, ನಾನು ಸ್ಟಾರ್ಟ್ ಲೈನ್ ದಾಟಿದ್ದು 11 ನಿಮಿಷ ಆದ ಮೇಲೆ. ಹೊಸಬರು ಗಾಬರಿ ಆಗ್ಬೇಡಿ, ಬಿಬ್ಬಲ್ಲಿ ಚಿಪ್ ಇರುತ್ತೆ, ನೀವು ಸ್ಟಾರ್ಟ್ ಲೈನಲ್ಲಿ ಹಾಸಿರೋ ಮ್ಯಾಟ್ ತುಳಿದ ಕ್ಷಣದಿಂದ ನಿಮ್ಮ ಟೈಮು. ಮುಂದೆ ನಿಂತವರು ಹಳೆ ಸರ್ಟಿಫಿಕೇಟ್ ಕೊಟ್ಟಿರೋ ಫಾಸ್ಟ್ ಜನ, ನಮ್ಮಂಥವರು ಹಿಂದೆ. ಟಾಯ್ಲೆಟ್ ಕ್ಯೂ ಅಂತೂ ಯಾವ ದೊಡ್ಡ ಓಟಕ್ಕೆ ಹೋದ್ರೂ ಇರೋದೇ, ರೂಮಲ್ಲೇ ಮುಗಿಸ್ಕೊಂಡು ಹೋಗಿ.

ಸ್ವಲ್ಪ ದೂರಕ್ಕೇ ಸೀ ಲಿಂಕ್ ಸಿಗುತ್ತೆ. 2009ರಲ್ಲಿ ತೆರೆದ ಸೇತುವೆ, ಐದೂವರೆ ಕಿಲೋಮೀಟರ್ ಮೇಲೈತೆ, ಮಾಮೂಲಿ ದಿನ ಅಲ್ಲಿ ಬೈಕಿಗೂ ಪ್ರವೇಶ ಇಲ್ಲ, ನಡ್ಕೊಂಡು ಹೋಗೋದಂತೂ ದೂರದ ಮಾತು. ಅದ್ರ ಮೇಲೆ ಕತ್ತಲಲ್ಲಿ ಓಡೋದು ಅಂದ್ರೆ, ಕೆಳಗೆ ಸಮುದ್ರ ಕಾಣಲ್ಲ, ವಾಸನೆ ಮಾತ್ರ, ತಲೆ ಮೇಲೆ ಲೈಟಿನ ಕೇಬಲ್ಲು ವೀಣೆ ತಂತಿ ಥರ ಎಳೆದು ಕಟ್ಟಿರೋದು, ಸುತ್ತ ಸಾವಿರಾರು ಶೂಗಳ ಚಪ್ ಚಪ್ ಸದ್ದು ಬಿಟ್ರೆ ಏನೂ ಇಲ್ಲ. ನನಗೆ ರೋಮ ಎದ್ದಿತ್ತು. ಆದ್ರೆ ಟೈಮಿಂಗ್ ಇಟ್ಕೊಂಡು ಬಂದವರಿಗೆ ಇದೇ ಜಾಗ ತಲೆನೋವು, ಯಾಕಂದ್ರೆ ಹತ್ತು ಹೆಜ್ಜೆಗೊಬ್ಬ ದಿಢೀರ್ ಅಂತ ನಿಂತು ಸೆಲ್ಫಿ ತೆಗೀತಾನೆ. ನಮ್ಮ ಷಡ್ಡಕನೂ ನಿಂತ, ಹಿಂದಿಂದ ಬಂದ ಆಂಟಿ ಒಬ್ರು ಡಿಕ್ಕಿ ಹೊಡೆದು ಮರಾಠಿಲಿ ಬೈದು ಹೋದ್ರು, ಸರಿಯಾಗೇ ಬೈದ್ರು.

ಈಗ ಬೆವರಿನ ವಿಷಯಕ್ಕೆ ಬರ್ತೀನಿ. ಜನವರಿಲಿ ನಮ್ಮೂರಲ್ಲಿ ಬೆಳಗ್ಗೆ ಒಣ ಚಳಿ, ಹತ್ತು ಕಿಲೋಮೀಟರ್ ಓಡಿದ್ರೂ ಬೆವರು ಅಲ್ಲಲ್ಲೇ ಆರಿ ಹೋಗುತ್ತೆ, ಟೋಪಿ ಮೇಲೆ ಬಿಳಿ ಉಪ್ಪಿನ ಗೆರೆ ಉಳಿಯುತ್ತೆ ಅಷ್ಟೇ. ಮುಂಬೈಲಿ ಬೆವರು ಆರೋದೇ ಇಲ್ಲ. ಗಾಳಿಲೇ ನೀರು ತುಂಬಿರೋವಾಗ ಬೆವರು ಆವಿ ಆಗಿ ಹೋಗೋದೆಲ್ಲಿಗೆ, ಆವಿ ಆಗ್ದಿದ್ರೆ ಮೈ ತಣ್ಣಗಾಗಲ್ಲ, ಹಾರ್ಟ್ ರೇಟ್ ಸುಮ್ನೆ ಏರ್ತಾ ಹೋಗುತ್ತೆ. ಎಂಟನೇ ಕಿಲೋಮೀಟರಿಗೆ ನನ್ನ ಶೂ ಒಳಗೆ ಪಚಪಚ. ಊರಲ್ಲಿ 6 ನಿಮಿಷ 40 ಸೆಕೆಂಡಿಗೆ ಒಂದು ಕಿಲೋಮೀಟರ್ ಆರಾಮಾಗಿ ಓಡ್ತಿದ್ದವನು ಅಲ್ಲಿ 7 ದಾಟಿದೆ. ನೀರು ಬೇಕಾದಷ್ಟು ಕೊಡ್ತಾರೆ, ದಾರಿಯುದ್ದಕ್ಕೂ ಸ್ಟೇಷನ್ನು, ಆದ್ರೆ ಬರೀ ನೀರು ಗಟಗಟ ಕುಡೀಬೇಡಿ, ಉಪ್ಪು ಬೆವರಲ್ಲಿ ಹೋಗಿರುತ್ತೆ, ಬರೀ ನೀರು ತುಂಬಿಸಿದ್ರೆ ಇರೋ ಉಪ್ಪೂ ತೆಳ್ಳಗಾಗಿ ತಲೆ ತಿರುಗುತ್ತೆ. ಒಂದು ಓಆರ್‌ಎಸ್ ಪ್ಯಾಕೆಟ್ ಜೇಬಲ್ಲಿಟ್ಕೊಳ್ಳಿ. ನೀರಿನ ವಿಷಯದಲ್ಲಿ ಮಾತ್ರ ಕೈ ಮುಗಿಬೇಕು ಇವರಿಗೆ, ಯಾಕಂದ್ರೆ ಅದಕ್ಕೂ ಹಿಂದಿನ ವರ್ಷ ಇನ್ನೊಂದು ಊರಿನ ಓಟಕ್ಕೆ ಹೋಗಿ 17ನೇ ಕಿಲೋಮೀಟರಲ್ಲಿ ಖಾಲಿ ಟೇಬಲ್ ನೋಡಿ ರೋಡ್ ಪಕ್ಕದ ಟೀ ಅಂಗಡಿಲಿ ನೀರು ಕೇಳಿ ಕುಡಿದು ಬಂದವನು ನಾನು.

ಬಟ್ಟೆ ಬಗ್ಗೆ ಒಂದು. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿದ್ದ ಕಾಟನ್ ಮಿಲ್ಲಿನ ಊರು ನಮ್ದು, ಕಾಟನ್ ಬಿಟ್ಟು ಬೇರೆ ಮೈಗೆ ಹಾಕಲ್ಲ ಅಂತ ಷಡ್ಡಕ ಒಳಗೆ ಕಾಟನ್ ಬನಿಯನ್ ಹಾಕ್ಕೊಂಡಿದ್ದ. ಬೆವರು ಕುಡಿದ ಕಾಟನ್ನು ಗೋಣಿಚೀಲ ಆಗುತ್ತೆ. ವರ್ಲಿ ದಾಟೋ ಹೊತ್ತಿಗೆ ಅವನ ಎದೆ ಮೇಲೆ ಎರಡು ಕಡೆ ರಕ್ತದ ಚುಕ್ಕೆ, ಟಿ-ಶರ್ಟ್ ಹೊರಗೂ ಕಾಣ್ತಿತ್ತು. ವಾಲಂಟಿಯರ್ ಹುಡುಗಿ ಒಬ್ಳು ಓಡಿ ಬಂದು ಏನೂ ಮಾತಾಡ್ದೆ ರಟ್ಟಿನ ಮೇಲೆ ಹಚ್ಚಿಟ್ಟಿದ್ದ ವ್ಯಾಸಲಿನ್ ಮುಂದೆ ಹಿಡಿದ್ಲು. ಇವನು ನಾಚ್ಕೊಂಡು ಮೊದ್ಲು ಬೇಡ ಅಂದ, ನಾಲ್ಕು ಹೆಜ್ಜೆ ಹೋಗಿ ವಾಪಸ್ ಬಂದು ಇಸ್ಕೊಂಡ. ನಾನು ಶೂ ವಿಷಯದಲ್ಲಿ ಮಂಗ ಆಗಿದ್ದೆ. ಅಂಗಡಿ ಹುಡುಗ ಕಾಲಿಗೆ ಸರಿಯಾಗಿ ಫಿಟ್ ಐತಣ್ಣ ಅಂದ ಅಂತ ತಗೊಂಡಿದ್ದೆ, ಒಂದು ಗಂಟೆ ಓಡಿದ ಮೇಲೆ ಪಾದ ಊದ್ಕೊಳುತ್ತೆ ಅನ್ನೋದು ಅವನಿಗೂ ಗೊತ್ತಿಲ್ಲ ನನಗೂ ಗೊತ್ತಿಲ್ಲ. ಬಲಗಾಲಿನ ಹೆಬ್ಬೆರಳ ಉಗುರು ಕಪ್ಪಾಗಿ ಶಿವರಾತ್ರಿ ಆದ ಮೇಲೆ ಉದುರ್ತು. ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗ ಬಿಟ್ಟು ತಗೊಳ್ಳಿ.

ಹಾಜಿ ಅಲಿ ದಾಟಿದ ಮೇಲೆ ಪೆಡ್ಡರ್ ರೋಡ್. ಫುಲ್ ಓಡೋರಿಗೆ ಈ ಏರು 30 ಕಿಲೋಮೀಟರ್ ಕಾಲಲ್ಲಿ ಹಾಕ್ಕೊಂಡ ಮೇಲೆ ವಾಪಸ್ ಬರ್ತಾ ಸಿಗುತ್ತೆ, ಅವರ ಕಷ್ಟ ಅವರಿಗೇ ಗೊತ್ತು. ನಮಗೆ ಸಿಕ್ಕಾಗ ಆಗತಾನೇ ಬೆಳಕು ಹರೀತಿತ್ತು. ನಾನು ಈ ರಿವ್ಯೂ ಬರೀತಿರೋದೇ ಈ ಒಂದೂವರೆ ಎರಡು ಕಿಲೋಮೀಟರಿಗೋಸ್ಕರ ಅಂದ್ರೂ ತಪ್ಪಿಲ್ಲ. ರೋಡಿನ ಎರಡೂ ಕಡೆ ದೊಡ್ಡ ದೊಡ್ಡ ಬಿಲ್ಡಿಂಗಿನ ಜನ, ಭಾನುವಾರ ಬೆಳಗ್ಗೆ ಏಳು ಗಂಟೆಗೆ, ನೈಟಿಲಿ, ಬರ್ಮುಡಾದಲ್ಲಿ, ಕೆಳಗಿಳಿದು ಬಂದು ನಿಂತಿದಾರೆ. ಅವರಿಗೆ ನಾವ್ಯಾರು? ಒಬ್ರು ಚಿಕ್ಕಿ ಕೊಡ್ತಾರೆ, ಒಬ್ರು ಗ್ಲೂಕೋಸ್ ಬಿಸ್ಕೆಟ್. ವೀಲ್‌ಚೇರಲ್ಲಿ ಕೂತಿದ್ದ ಅಜ್ಜಿ ಒಬ್ರು ಸ್ಟೀಲ್ ತಟ್ಟೆಗೆ ಚಮಚದಲ್ಲಿ ಬಾರಿಸ್ತಾನೇ ಇದ್ರು, ತಾಳ ತಪ್ಪದಂಗೆ. ಒಂದು ಗೇಟ್ ಮುಂದೆ ಏಳೆಂಟು ವರ್ಷದ ಹುಡುಗ, ಒಂದು ಕೈಲಿ ಕಿತ್ತಳೆ ತೊಳೆ ತಟ್ಟೆ, ಇನ್ನೊಂದು ಕೈಲಿ ಸಣ್ಣ ಬಟ್ಟಲಲ್ಲಿ ಉಪ್ಪು. ನಾನು ತೊಳೆ ಮಾತ್ರ ಎತ್ಕೊಂಡು ಹೊರಟೆ. 'ಅಂಕಲ್, ನಮಕ್!' ಅಂತ ಕೂಗ್ತಾ ಪಕ್ಕದಲ್ಲೇ ಓಡಿ ಬಂದ, ಬಟ್ಟಲಲ್ಲಿದ್ದ ಉಪ್ಪು ಚೆಲ್ತಾ ಇತ್ತು, ನಿಂತು ಅದ್ದಿ ತಿಂದೆ. ಅಷ್ಟು ರುಚಿ ಕಿತ್ತಳೆ ನಾನು ತಿಂದಿಲ್ಲ. ಮೀನಖಂಡ ಹಿಡ್ಕೊಳ್ಳೋಕೆ ಶುರುವಾಗಿತ್ತು, ಉಪ್ಪಿಂದ ಬಿಡ್ತೋ ಹುಡುಗನಿಂದ ಬಿಡ್ತೋ, ಬಿಡ್ತು.

ನಮ್ಮ ಟಿ-ಶರ್ಟ್ ಬೆನ್ನು ಎದೆ ಎರಡೂ ಕಡೆ ದಾವಣಗೆರೆ ಅಂತ ಕನ್ನಡದಲ್ಲಿ, ಕೆಳಗೆ ಇಂಗ್ಲಿಷಲ್ಲೂ ಹಾಕ್ಸಿದ್ವಿ. ಪ್ರಿಂಟಿಂಗ್‌ನವನು ಹತ್ತು ಪೀಸಿಗೆ ಕಮ್ಮಿ ಮಾಡಲ್ಲ ಅಂದ ಅಂತ ಮೂರು ಜನಕ್ಕೆ ಹತ್ತು ಮಾಡಿಸಿದ್ದು. ಆ ಇಂಗ್ಲಿಷ್ ಓದಿ ಜನ ಕೂಗ್ತಿದ್ರು ನೋಡಿ, ಒಬ್ರು 'ಕಮಾನ್ ದೇವಗಿರಿ', ಇನ್ನೊಬ್ರು 'ಭಾಗೋ ದವಂಗಿರ್', ಮೇಷ್ಟ್ರು ಒಬ್ಬೊಬ್ಬರಿಗೂ ತಿರುಗಿ ತಿದ್ದೋಕೆ ಹೋಗಿ ಉಸಿರು ಕಟ್ಟಿಸ್ಕೊಂಡ್ರು. ಏರಿನ ತುದಿಲಿ ಮಾತ್ರ ಒಬ್ಬ ಸೆಕ್ಯುರಿಟಿ ಗಾರ್ಡು, ಯೂನಿಫಾರ್ಮ್ ಮೇಲೆ ಸ್ವೆಟರು, ಕುರ್ಚಿಯಿಂದ ಎದ್ದು ನಿಂತು 'ದಾವಣಗೆರಿಯವ್ರೇನ್ರಿ? ನಾವು ಹರಿಹರದವ್ರು!' ಅಂದ. ನಿಲ್ಲೋಕೆ ಆಗ್ಲಿಲ್ಲ, ಇಳಿಜಾರು ಎಳ್ಕೊಂಡು ಹೋಗ್ತಿತ್ತು. ಕೈ ಎತ್ತಿದೆ ಅಷ್ಟೇ. ಇವತ್ತಿಗೂ ಅದೊಂದು ಬೇಜಾರು.

ಮರೀನ್ ಡ್ರೈವ್ ನೋಡೋಕೆ ಚಂದ, ಓಡೋಕೆ ಬೋರು. ನೇರ ರೋಡು, ಬಿಸಿಲು ಬಂತು, ತುದಿ ಕಾಣುತ್ತೆ ಆದ್ರೆ ಹತ್ರ ಬರಲ್ಲ. ನಾನು ಇಲ್ಲಿ ಸುಮಾರು ದೂರ ನಡೆದೆ, ಸುಳ್ಳು ಯಾಕೆ ಹೇಳ್ಲಿ. ಚರ್ಚ್‌ಗೇಟ್ ತಿರುಗಿ ಫ್ಲೋರಾ ಫೌಂಟೇನ್ ಬಂದ ಮೇಲೆ ಮತ್ತೆ ಜನದ ಗದ್ದಲ, ಡೋಲು, ಆಮೇಲೆ ಸಿಎಸ್‌ಎಂಟಿ ಗುಮ್ಮಟ. ಆ ಸ್ಟೇಷನ್ ಯುನೆಸ್ಕೋ ಪಟ್ಟಿಗೆ ಸೇರಿದ್ದೂ 2004, ಈ ಮ್ಯಾರಥಾನ್ ಶುರುವಾಗಿದ್ದೂ 2004, ಮೇಷ್ಟ್ರು ಇದನ್ನ ಫಿನಿಶ್ ಲೈನಲ್ಲಿ ಏದುಸಿರು ಬಿಡ್ತಾ ಹೇಳ್ತಿದ್ರು, ಯಾರಿಗೆ ಬೇಕಿತ್ತು ಆಗ. ನನ್ನ ಟೈಮು 2 ಗಂಟೆ 32 ನಿಮಿಷ. ಅದೇ ದಿನ ಇಥಿಯೋಪಿಯಾದ ಹೇಲೆ ಲೆಮಿ ಫುಲ್ ಮ್ಯಾರಥಾನ್, ಅಂದ್ರೆ ನನಗೆ ಡಬಲ್ ದೂರ, 2 ಗಂಟೆ 7 ನಿಮಿಷ ಚಿಲ್ಲರೆಲಿ ಓಡಿ ಗೆದ್ದ. ಆ ಮನುಷ್ಯ ಮನೆಗೆ ಹೋಗಿ ಸ್ನಾನ ಮಾಡಿ ತಿಂಡಿ ತಿನ್ನೋ ಹೊತ್ತಿಗೆ ನಾನಿನ್ನೂ ಎಲ್ಲೋ ಇರ್ತಿದ್ದೆ. ಮೆಡಲ್ ತೂಕವಾಗೈತೆ, ಚೆನ್ನಾಗೈತೆ, ನಮ್ಮನೇಲಿ ದೇವರ ಕೋಣೆ ಮೊಳೆಗೆ ನೇತು ಹಾಕಿದಾರೆ. ರೈಲಿಳಿದ ಮೇಲೆ ಮೆಟ್ಟಿಲು ಇಳಿಯೋಕಾಗ್ದೆ ಹಿಂದು ಮುಂದಾಗಿ ಇಳಿದಿದ್ದು ಮಾತ್ರ ಯಾರೂ ಫೋಟೋ ತೆಗೀಲಿಲ್ಲ ಪುಣ್ಯ.

ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ. ಒಂದು ಕಟ್ ಮಾಡಿದ್ದು ಮುಂಬೈ ಹವಾಕ್ಕೆ, ಅದಕ್ಕೆ ಯಾರೂ ಏನೂ ಮಾಡೋಕಾಗಲ್ಲ. ಪರ್ಸನಲ್ ಬೆಸ್ಟ್ ಮಾಡ್ಬೇಕು ಅನ್ನೋರು ತಂಪು ಊರು, ಜನ ಕಮ್ಮಿ ಇರೋ ಓಟ ಹುಡುಕ್ಕೊಳ್ಳಿ, ಇಲ್ಲಿ ಬಂದು ಸೆಲ್ಫಿಯವರ ಮೇಲೆ ಸಿಟ್ಟಾಗ್ಬೇಡಿ. ಮೊದಲನೇ ಸಲ ಹೋಗೋರು ಹಾಫೇ ಹಾಕಿ, ಫುಲ್‌ಗೆ ಮುಂಚೆ ಓಡಿರೋ ಟೈಮಿಂಗ್ ಸರ್ಟಿಫಿಕೇಟ್ ಕೇಳ್ತಾರೆ. ರಿಜಿಸ್ಟ್ರೇಷನ್ ಮಳೆಗಾಲದಲ್ಲೇ ಶುರುವಾಗುತ್ತೆ, ಹಬ್ಬ ಆಗ್ಲಿ ಅಂತ ಕೂತ್ರೆ ಸೀಟ್ ಇರಲ್ಲ, ಓಟ ಸಾಮಾನ್ಯವಾಗಿ ಜನವರಿ ಮೂರನೇ ಭಾನುವಾರ. ರೂಮ್ ಬುಕ್ ಮಾಡೋವಾಗ ಕಿಟಕಿ ಐತಾ ಅಂತ ಫೋನ್ ಮಾಡಿ ಕೇಳಿ. ಟಿ-ಶರ್ಟ್ ಬೇಕಾದ್ರೂ ಹೇಳಿ, ಇನ್ನೂ ಎರಡು ಮೀಡಿಯಂ ಒಂದು ಡಬಲ್ ಎಕ್ಸೆಲ್ ಉಳಿದಾವೆ, ಅಂಗಡಿಲೇ ಇಟ್ಟಿದೀನಿ.