ಕ್ರಿಸ್‌ಮಸ್ ಬಿಸ್ಕತ್ತಿಗೆ 30 ಲೀಟರಿನ ಒಟಿಜಿ: ಬಳ್ಳಾರಿಯ ಅಡುಗೆಮನೆಯಿಂದ ಒಂದು ಪರಿಶೀಲನೆ

ಬಳ್ಳಾರಿಯ ನಮ್ಮ ಮನೆಯಲ್ಲಿ ಕ್ರಿಸ್‌ಮಸ್ ತಿಂಡಿಗಳಲ್ಲಿ ಹೆಚ್ಚಿನವು ಎಣ್ಣೆಯ ಬಾಣಲೆಯಲ್ಲೇ ಆಗುತ್ತವೆ. ಕರ್ಜಿಕಾಯಿ, ಕಲ್‌ಕಲ್, ಅಚ್ಚಿನಲ್ಲಿ ಅದ್ದಿ ಬಿಡುವ ಗುಲಾಬಿ ಹೂವು ಇವಕ್ಕೆಲ್ಲ ಒಲೆಯೊಂದಿದ್ದರೆ ಸಾಕು. ಬಿಸ್ಕತ್ತುಗಳಿಗೆ ಮಾತ್ರ ಬಹಳ ವರ್ಷ ಬೇಕರಿಯ ಭಟ್ಟಿಯೇ ಗತಿಯಾಗಿತ್ತು; ಹಿಟ್ಟು ಮನೆಯಲ್ಲಿ ಕಲಸಿ, ತಟ್ಟೆಗಳಲ್ಲಿ ಜೋಡಿಸಿ, ಪರಿಚಯದ ಬೇಕರಿಗೆ ಒಯ್ದು, ಅವರ ಬ್ರೆಡ್ಡಿನ ಕೆಲಸ ಮುಗಿಯುವವರೆಗೆ ಕಾದು ಬೇಯಿಸಿಕೊಂಡು ಬರುತ್ತಿದ್ದೆವು. ಈಗ ಆ ಕೆಲಸ ಮನೆಯಲ್ಲೇ 30 ಲೀಟರಿನ ಒಟಿಜಿಯಲ್ಲಿ, ಅಂದರೆ ಓವನ್, ಟೋಸ್ಟರ್, ಗ್ರಿಲ್ ಮೂರೂ ಸೇರಿದ ಕರೆಂಟಿನ ಒಲೆಯಲ್ಲಿ ನಡೆಯುತ್ತಿದೆ. ಕೇಕು, ಪಿಜ್ಜಾ, ಗ್ರಿಲ್ ಇವನ್ನು ಪಕ್ಕಕ್ಕಿಟ್ಟು, ಹಬ್ಬದ ಬಿಸ್ಕತ್ತು ಬೇಯಿಸುವುದಕ್ಕೆ ಈ ಯಂತ್ರ ಎಷ್ಟು ತಕ್ಕದ್ದು ಎಂಬುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಒಂದು ಕುಟುಂಬಕ್ಕೆ, ನೆರೆಹೊರೆಗೆ ಹಂಚುವುದಕ್ಕೆ ಇದು ಧಾರಾಳವಾಗಿ ಸಾಕು, ಆದರೆ ಅದರ ಗುಂಡಿಯ ಸುತ್ತ ಬರೆದ ಡಿಗ್ರಿಗಳನ್ನು ಕಣ್ಣುಮುಚ್ಚಿ ನಂಬಬಾರದು.

ಯಂತ್ರ ಸರಳವಾದದ್ದು. ಮೇಲೊಂದು ಕೆಳಗೊಂದು ಕಾಯುವ ರಾಡುಗಳು, 100ರಿಂದ 250 ಡಿಗ್ರಿಯವರೆಗಿನ ಥರ್ಮೋಸ್ಟಾಟ್, ಗಂಟೆ ಬಾರಿಸುವ 60 ನಿಮಿಷದ ಟೈಮರ್, ಒಳಗಿನ ಗಾಳಿಯನ್ನು ತಿರುಗಿಸುವ ಫ್ಯಾನು, 1500 ವಾಟಿನ ಸಾಮರ್ಥ್ಯ. ಏಳೆಂಟು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುವ ಈ ಗಾತ್ರದ ಒಟಿಜಿಗಳ ರಚನೆ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಕಂಪನಿಯ ಹೆಸರಿಗಿಂತ ಅದರ ಸ್ವಭಾವವನ್ನು ತಿಳಿಯುವುದೇ ಮುಖ್ಯ ಎಂದು ನನಗನ್ನಿಸುತ್ತದೆ.

ಆ ಸ್ವಭಾವದಲ್ಲಿ ಮೊದಲನೆಯದು ಶಾಖದ ಏರಿಳಿತ. ನಿಗದಿಯಾದ ಶಾಖ ತಲುಪಿದೊಡನೆ ಥರ್ಮೋಸ್ಟಾಟ್ ರಾಡುಗಳನ್ನು ಆರಿಸುತ್ತದೆ, ತಣಿದ ಮೇಲೆ ಮತ್ತೆ ಹೊತ್ತಿಸುತ್ತದೆ. ಹೀಗಾಗಿ 160 ಎಂದು ಇಟ್ಟರೂ ಒಳಗಿನ ಶಾಖ ಅದರ ಮೇಲೆ ಕೆಳಗೆ ಓಡಾಡುತ್ತಲೇ ಇರುತ್ತದೆ. ರಾಡು ಕಾಯುವಾಗ ಹೊತ್ತಿರುವ ಸೂಚಕ ದೀಪ ಮೊದಲ ಸಲ ಆರಿದಾಗ ಬಿಸಿಯಾಗಿರುವುದು ಒಳಗಿನ ಗಾಳಿ ಮಾತ್ರ, ಗೋಡೆಗಳು ಇನ್ನೂ ಪೂರ್ತಿ ಕಾದಿರುವುದಿಲ್ಲ. ಆಗಲೇ ಬಾಗಿಲು ತೆರೆದು ತಟ್ಟೆ ಇಟ್ಟರೆ ಶಾಖವೆಲ್ಲ ಹೊರಗೆ ಹೋಗಿ, ಬಿಸ್ಕತ್ತು ಗಟ್ಟಿಯಾಗುವ ಮೊದಲೇ ಬೆಣ್ಣೆ ಕರಗಿ ಹರಡಿಕೊಳ್ಳುತ್ತದೆ. ದೀಪ ಆರಿದ ಮೇಲೆ ಇನ್ನೂ ಐದು ನಿಮಿಷ ಬಿಡಬೇಕು. ಕೆಲವು ನೂರು ರೂಪಾಯಿಗೆ ಸಿಗುವ, ಜಾಲರಿಯ ಮೇಲೆ ನಿಲ್ಲುವ ಓವನ್ ಥರ್ಮಾಮೀಟರನ್ನು ಯಂತ್ರದ ಜೊತೆಗೇ ಕೊಳ್ಳಿ ಎಂಬುದು ನನ್ನ ಒತ್ತಾಯದ ಸಲಹೆ. ನಮ್ಮ ಯಂತ್ರದಲ್ಲಿ ಗುಂಡಿ ತೋರಿಸುವುದಕ್ಕಿಂತ ಒಳಗೆ ಹೆಚ್ಚು ಬಿಸಿಯಿರುತ್ತದೆ. ನಿಮ್ಮದರಲ್ಲಿ ಕಡಿಮೆ ಇದ್ದೀತು.

ಎರಡನೆಯದು ವೋಲ್ಟೇಜು, ಇದನ್ನು ಯಾವ ಕೈಪಿಡಿಯೂ ಹೇಳುವುದಿಲ್ಲ. 1500 ವಾಟು ಎಂಬುದು 230 ವೋಲ್ಟಿನ ಲೆಕ್ಕ. ರಾಡಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರಿಳಿಯುವುದರಿಂದ, ಸಂಜೆ ಹೊತ್ತು ಅದು 200ಕ್ಕೆ ಇಳಿದರೆ ಯಂತ್ರಕ್ಕೆ ಸಿಗುವುದು ಸುಮಾರು 1130 ವಾಟು, ಅಂದರೆ ನಾಲ್ಕನೇ ಒಂದು ಭಾಗದಷ್ಟು ನಷ್ಟ. ಬೆಳಿಗ್ಗೆ ಹದವಾಗಿ ಬೆಂದ ಬಿಸ್ಕತ್ತು ಸಂಜೆ ಅಷ್ಟೇ ಹೊತ್ತಿಗೆ ಹಸಿಯಾಗಿ ಉಳಿದರೆ ಹಿಟ್ಟನ್ನು ದೂರಬೇಕಾಗಿಲ್ಲ. ಬಿಸ್ಕತ್ತಿನ ಕೆಲಸವನ್ನು ಬೆಳಗಿನ ಹೊತ್ತಿಗೇ ಇಟ್ಟುಕೊಳ್ಳುವುದು ಒಳ್ಳೆಯದು. ಅದಕ್ಕೆ ಇನ್ನೊಂದು ಕಾರಣವೂ ಇದೆ: ಬೆಣ್ಣೆ ಕರಗುವುದು 32ರಿಂದ 35 ಡಿಗ್ರಿಯಲ್ಲಿ, ಬಳ್ಳಾರಿಯ ಮಧ್ಯಾಹ್ನ ಡಿಸೆಂಬರಿನಲ್ಲಿಯೂ 30ರ ಹತ್ತಿರ ಹೋಗುತ್ತದೆ, ಒಟಿಜಿ ಉರಿಯುವ ಅಡುಗೆಮನೆಯ ಬಿಸಿಯಂತೂ ಅದಕ್ಕೂ ಮೇಲೆ. ಕಲಸಿದ ಹಿಟ್ಟನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಬೇಕಾದಷ್ಟನ್ನು ಮಾತ್ರ ಹೊರಗೆ ತೆಗೆಯುವ ರೂಢಿ ಇಲ್ಲಿ ಅನಿವಾರ್ಯ.

ನಮ್ಮ ಮನೆಯ ಹಬ್ಬದ ಬಿಸ್ಕತ್ತುಗಳು ಮೂರು. ಬಳ್ಳಾರಿ ಲಂಡನ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ 1810ರಲ್ಲೇ ಕಾಲಿಟ್ಟ ಊರು, ಜೊತೆಗೆ ಬ್ರಿಟಿಷ್ ಸೇನೆಯ ಕಂಟೋನ್ಮೆಂಟ್ ಬೇರೆ. ಹೊರನಾಡಿನ ಬಿಸ್ಕತ್ತುಗಳು ಇಲ್ಲಿಯ ಕೆಲವು ಮನೆಗಳಲ್ಲಿ ನೆಲೆ ನಿಂತದ್ದರಲ್ಲಿ ಆಶ್ಚರ್ಯವಿಲ್ಲ. ಮೊದಲನೆಯದು ಸ್ಕಾಟ್ಲೆಂಡಿನ ಶಾರ್ಟ್‌ಬ್ರೆಡ್, ನಮ್ಮಲ್ಲಿ ಬೆಣ್ಣೆ ಬಿಸ್ಕತ್ತು. ಒಂದು ಪಾಲು ಸಕ್ಕರೆ, ಎರಡು ಪಾಲು ಬೆಣ್ಣೆ, ಮೂರು ಪಾಲು ಮೈದಾ ಎಂಬ ಹಳೆಯ ಲೆಕ್ಕವನ್ನೇ ತೂಕದಲ್ಲಿ ಅನುಸರಿಸುತ್ತೇವೆ. ನಮ್ಮತ್ತೆಯವರು ತಣ್ಣನೆಯ ಬೆಣ್ಣೆಯನ್ನು ಬೆರಳ ತುದಿಯಲ್ಲೇ ಮೈದಾಕ್ಕೆ ಉಜ್ಜುತ್ತಾರೆ, ಅಂಗೈ ತಾಗಿಸುವುದಿಲ್ಲ. ಹಿಟ್ಟು ರವೆಯಂತೆ ಉದುರುದುರಾದ ಮೇಲೆ ಒಂದು ಹಿಡಿ ಹಿಡಿದು ತೋರಿಸಿ, "ನೋಡಮ್ಮ, ಹಿಡಿದರೆ ಉಂಡಿ ಆಗಬೇಕು, ಒತ್ತಿದರೆ ಪುಡಿ ಆಗಬೇಕು" ಎನ್ನುತ್ತಾರೆ. ಈ ಬಿಸ್ಕತ್ತಿಗೆ ಬಣ್ಣ ಬರಬಾರದು, ಅಂಚಿನಲ್ಲಿ ಮಾತ್ರ ತೆಳುವಾಗಿ ಹೊಂಬಣ್ಣ ಕಾಣಬೇಕು. 150 ಡಿಗ್ರಿಯಲ್ಲಿ, ಎರಡೂ ರಾಡು ಹಾಕಿ, ಫ್ಯಾನು ಆರಿಸಿ, ನಡುವಿನ ಜಾಲರಿಯಲ್ಲಿ 20 ನಿಮಿಷ ಬಿಟ್ಟರೆ ಈ ಯಂತ್ರ ಅದನ್ನು ಭಟ್ಟಿಗಿಂತ ಚೆನ್ನಾಗಿ ಮಾಡಿಕೊಡುತ್ತದೆ ಎಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ಬೇರೆ ಪದಾರ್ಥಕ್ಕೆ ಕಾಯಿಸಿದ ಭಟ್ಟಿಯಲ್ಲಿ ಇಷ್ಟು ಸೌಮ್ಯವಾದ ಶಾಖ ಕೇಳಿದಾಗ ಸಿಗುವುದಿಲ್ಲ.

ಎರಡನೆಯದು ಶೇಂಗಾ ಬಿಸ್ಕತ್ತು. ಆಸ್ಟ್ರಿಯಾದವರು ಕ್ರಿಸ್‌ಮಸ್ಸಿಗೆ ಬಾದಾಮಿ ಅಥವಾ ವಾಲ್‌ನಟ್ ಪುಡಿ ಹಾಕಿ ಅರ್ಧಚಂದ್ರಾಕಾರದಲ್ಲಿ ಮಾಡುವ ವೆನಿಲಾ ಕಿಪ್‌ಫೆರ್ಲ್ ಇದರ ಮೂಲ. ಶೇಂಗಾ ಬೆಳೆಯುವ ನಮ್ಮ ಸೀಮೆಯಲ್ಲಿ ಬಾದಾಮಿಯ ಜಾಗಕ್ಕೆ ಅದು ತಾನಾಗಿಯೇ ಒಗ್ಗಿದೆ. 250 ಗ್ರಾಂ ಮೈದಾ, 200 ಗ್ರಾಂ ಬೆಣ್ಣೆ, 80 ಗ್ರಾಂ ಪುಡಿಸಕ್ಕರೆ, ಹುರಿದು ಸಿಪ್ಪೆ ತೆಗೆದ 100 ಗ್ರಾಂ ಶೇಂಗಾ. ಮಿಕ್ಸಿಯನ್ನು ಒಂದೇ ಸಮನೆ ತಿರುಗಿಸಿದರೆ ಶೇಂಗಾ ಎಣ್ಣೆ ಬಿಡುತ್ತದೆ, ಆದ್ದರಿಂದ ನಿಲ್ಲಿಸಿ ನಿಲ್ಲಿಸಿ ಪುಡಿ ಮಾಡಬೇಕು. 170 ಡಿಗ್ರಿಯಲ್ಲಿ 12ರಿಂದ 15 ನಿಮಿಷಕ್ಕೆ ಬೇಯುತ್ತದೆ. ಹೊರಬಂದ ಕೂಡಲೇ ಮುಟ್ಟಿದರೆ ಮುರಿಯುತ್ತದೆ. ತಟ್ಟೆಯಲ್ಲೇ ಐದು ನಿಮಿಷ ಬಿಟ್ಟು, ಬೆಚ್ಚಗಿರುವಾಗಲೇ ಪುಡಿಸಕ್ಕರೆಯಲ್ಲಿ ಹೊರಳಿಸಬೇಕು.

ಮೂರನೆಯದಾದ ಬೆಲ್ಲ ಶುಂಠಿಯ ಬಿಸ್ಕತ್ತಿನಲ್ಲಿ ಮಾತ್ರ ಯಂತ್ರದ ದೋಷ ಎದ್ದು ಕಾಣುತ್ತದೆ. ಬೆಲ್ಲ ಬೇಗ ಕಪ್ಪಗಾಗುವ ಪದಾರ್ಥ. ಯಂತ್ರದೊಂದಿಗೆ ಬರುವ ಕಪ್ಪು ಬಣ್ಣದ ತೆಳು ತಟ್ಟೆ ಕೆಳಗಿನ ರಾಡಿನ ಶಾಖವನ್ನು ಹಾಗೆಯೇ ಹೀರಿಕೊಳ್ಳುವುದರಿಂದ, ಮೇಲ್ಭಾಗ ಬೇಯುವಷ್ಟರಲ್ಲಿ ತಳ ಸೀದು ಕಹಿಯಾಗುತ್ತದೆ. ಹಿಂದಿನ ಎಡಮೂಲೆಯಲ್ಲಿಟ್ಟವು ಉಳಿದವುಗಳಿಗಿಂತ ಮೊದಲೇ ಕಂದುತ್ತವೆ. ಇಷ್ಟು ಹಣ ಪಡೆಯುವ ತಯಾರಕರು ಸ್ವಲ್ಪ ದಪ್ಪನೆಯ, ತಿಳಿಬಣ್ಣದ ಅಲ್ಯುಮಿನಿಯಂ ತಟ್ಟೆ ಕೊಡಬಹುದಿತ್ತು. ಪರಿಹಾರ ಕಷ್ಟದ್ದೇನಲ್ಲ: ಒಂದರೊಳಗೊಂದು ಎರಡು ತಟ್ಟೆ ಇಟ್ಟು, ಬಟರ್ ಪೇಪರ್ ಹಾಸಿ, ಅರ್ಧ ಹೊತ್ತಾದ ಮೇಲೆ ತಟ್ಟೆಯನ್ನು ಹಿಂದುಮುಂದಾಗಿ ತಿರುಗಿಸಿದರೆ ತಳ ಉಳಿಯುತ್ತದೆ.

ಇನ್ನು ಪ್ರಮಾಣದ ವಿಚಾರ. ಒಂದು ಕಿಲೋ ಮೈದಾದ ಬೆಣ್ಣೆ ಬಿಸ್ಕತ್ತಿನ ಹಿಟ್ಟು ಎಲ್ಲ ಸೇರಿ ಎರಡು ಕಿಲೋ ತೂಗುತ್ತದೆ. 20 ಗ್ರಾಮಿಗೊಂದರಂತೆ ನೂರು ಬಿಸ್ಕತ್ತು. ಈ ಯಂತ್ರದ ತಟ್ಟೆಯಲ್ಲಿ ನಡುವೆ ಜಾಗ ಬಿಟ್ಟು ಹಿಡಿಸುವುದು ಹದಿನೈದು. ಅಂದರೆ ಏಳು ಸುತ್ತು, ಕಾಯಿಸುವುದು ಸೇರಿ ಮೂರು ಗಂಟೆಯ ಹತ್ತಿರದ ಕೆಲಸ. ಎರಡು ಜಾಲರಿಯಲ್ಲಿ ಎರಡು ತಟ್ಟೆ ಒಟ್ಟಿಗೆ ಇಟ್ಟು ಸಮಯ ಉಳಿಸಬಹುದು ಎಂಬ ಆಸೆ ಬೇಡ, ಮೇಲಿನದರ ನೆತ್ತಿ ಸುಡುತ್ತದೆ, ಕೆಳಗಿನದರ ತಳ ಸುಡುತ್ತದೆ. ಹೆಚ್ಚಿನ ತಟ್ಟೆಗಳಿದ್ದರೆ ಒಂದು ಬೇಯುವಾಗ ಇನ್ನೊಂದನ್ನು ಜೋಡಿಸಿಕೊಳ್ಳಬಹುದು. ಬಿಸಿ ತಟ್ಟೆಯ ಮೇಲೆ ಹಸಿ ಹಿಟ್ಟು ಇಟ್ಟರೆ ಅಲ್ಲೇ ಕರಗಿ ಹರಡುತ್ತದೆ. ರಾಡುಗಳು ಪೂರ್ತಿ ಹೊತ್ತು ಉರಿದರೂ ಗಂಟೆಗೆ ಒಂದೂವರೆ ಯೂನಿಟ್ಟು, ಆರಿ ಹೊತ್ತುವುದರಿಂದ ವಾಸ್ತವದಲ್ಲಿ ಅದಕ್ಕಿಂತ ಕಡಿಮೆ. ಕರೆಂಟಿನ ಖರ್ಚು ಚಿಂತಿಸುವಂಥದ್ದಲ್ಲ.

ಬೇಕರಿಯ ಭಟ್ಟಿಯನ್ನು ಇದರಿಂದ ಕಡೆಗಣಿಸಲಾಗದು. ಇಟ್ಟಿಗೆಯಲ್ಲಿ ನಿಂತ ಶಾಖ ಒಂದೇ ಸಮನಾಗಿರುತ್ತದೆ, ದೊಡ್ಡ ತಟ್ಟೆಗಳಲ್ಲಿ ನೂರಾರು ಬಿಸ್ಕತ್ತು ಒಮ್ಮೆಗೇ ಬೇಯುತ್ತವೆ. ತುಪ್ಪದ ನಾನ್‌ಖಟಾಯಿಗೆ ಮೇಲೆ ಬೀಳುವ ಆ ಬಿರುಕು ಭಟ್ಟಿಯಲ್ಲಿ ಬರುವಷ್ಟು ಚೆಂದವಾಗಿ ಒಟಿಜಿಯಲ್ಲಿ ಇನ್ನೂ ನಮಗೆ ಬಂದಿಲ್ಲ. ಐದು ಕಿಲೋದ ಮೇಲೆ ಹಿಟ್ಟು ಕಲಸುವ ದೊಡ್ಡ ಮನೆತನಗಳು ಬೇಕರಿಗೆ ಹೋಗುವುದೇ ಸರಿ. ಆದರೆ ಹಬ್ಬದ ಹಿಂದುಮುಂದಿನ ದಿನಗಳಲ್ಲಿ ಅಲ್ಲಿ ಸರದಿ ಸಿಗುವುದು ಕಷ್ಟ, ಸಿಕ್ಕರೂ ಯಾವಾಗ ಹೊರಗೆ ತೆಗೆಯಬೇಕೆಂಬ ನಿರ್ಧಾರ ನಮ್ಮ ಕೈಯಲ್ಲಿರುವುದಿಲ್ಲ. ಮನೆಯ ಯಂತ್ರದ ನಿಜವಾದ ಲಾಭ ಗಾಜಿನ ಬಾಗಿಲ ಮುಂದೆ ಕುಳಿತು, ಅಂಚಿಗೆ ಬಣ್ಣ ಬಂದ ಗಳಿಗೆಯಲ್ಲಿ ತಟ್ಟೆ ಹೊರಗೆಳೆಯುವ ಸ್ವಾತಂತ್ರ್ಯದಲ್ಲಿದೆ. ಬೆಣ್ಣೆ ಬಿಸ್ಕತ್ತಿಗೆ ಎರಡು ನಿಮಿಷದ ವ್ಯತ್ಯಾಸವೂ ದೊಡ್ಡದೇ.

ಒಣಹವೆ ನಮ್ಮ ಪಾಲಿನ ಭಾಗ್ಯ. ಕರಾವಳಿಯ ಮನೆಗಳಲ್ಲಿ ಬಿಸ್ಕತ್ತು ಬೇಗ ಮೆತ್ತಗಾದರೆ, ಬಳ್ಳಾರಿಯಲ್ಲಿ ಪೂರ್ತಿ ತಣಿದ ಮೇಲೆ ಸ್ಟೀಲಿನ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದರೆ ಹೊಸವರ್ಷ ಕಳೆದರೂ ಗರಿಗರಿಯಾಗಿರುತ್ತದೆ. ಬೆಲ್ಲದ್ದನ್ನು ಮಾತ್ರ ಬೇರೆ ಡಬ್ಬಿಯಲ್ಲಿಡಬೇಕು, ಬೆಲ್ಲ ತೇವ ಎಳೆದುಕೊಂಡು ಜೊತೆಯಲ್ಲಿದ್ದವನ್ನೂ ಮೆತ್ತಗೆ ಮಾಡುತ್ತದೆ.

ಕೊಳ್ಳಲು ಹೊರಟವರು ಮೊದಲು ಅಡುಗೆಮನೆಯ ಪ್ಲಗ್ಗನ್ನು ನೋಡಿಕೊಳ್ಳಲಿ. 1500 ವಾಟಿನ ಯಂತ್ರ ಆರೂವರೆ ಆಂಪಿಯರ್ ಎಳೆಯುತ್ತದೆ. ಸಾಮಾನ್ಯ 6 ಆಂಪಿಯರಿನ ಪ್ಲಗ್ಗಿಗೆ ಅಥವಾ ಎಕ್ಸ್‌ಟೆನ್ಷನ್ ಬೋರ್ಡಿಗೆ ಅದನ್ನು ಸಿಕ್ಕಿಸಕೂಡದು, 16 ಆಂಪಿಯರಿನದೇ ಬೇಕು. ಹಳೆಯ ಮನೆಗಳಲ್ಲಿ ಅದು ಇರುವುದೇ ಅಪರೂಪ, ಎಲೆಕ್ಟ್ರಿಷಿಯನ್ನರಿಂದ ಬೇರೆ ವೈರು ಎಳೆಸಬೇಕಾಗಬಹುದು, ಆ ಖರ್ಚನ್ನೂ ಯಂತ್ರದ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು. ಇಟ್ಟ ಜಾಗದಲ್ಲಿ ಹಿಂದೆ, ಮೇಲೆ, ಪಕ್ಕದಲ್ಲಿ ಗೇಣಷ್ಟು ತೆರಪಿರಲಿ, ಏಕೆಂದರೆ ಹೊರಮೈ ಕೈ ಸುಡುವಷ್ಟು ಕಾಯುತ್ತದೆ. ಹೊಸ ಯಂತ್ರದ ರಾಡುಗಳಿಂದ ಮೊದಲ ಸಲ ಹೊಗೆ, ವಾಸನೆ ಬರುವುದುಂಟು. ಆದ್ದರಿಂದ ಕಾಲು ಗಂಟೆ ಖಾಲಿ ಉರಿಸಿ, ಕಿಟಕಿ ತೆರೆದಿಟ್ಟು, ಅದು ಹೋದ ಮೇಲೆಯೇ ಹಿಟ್ಟಿನ ತಟ್ಟೆಯನ್ನು ಒಳಗಿಡಬೇಕು.