ಹಳೆಯ ಚೀನೀ ನಾಣ್ಯಕ್ಕೆ ಆ್ಯಪ್‌ಗಿಂತ ಪುಸ್ತಕವೇ ಸರಿ

ಹಾಂಗ್‌ಕಾಂಗ್‌ಗೆ ಬಂದ ಮೇಲೆ ಹಳೆಯ ಚೀನೀ ನಾಣ್ಯಗಳ ಗೀಳು ಹತ್ತಿತು. ಗುರುತು ಹಿಡಿಯಲು ಫೋಟೊ ನೋಡಿ ಹೆಸರು ಹೇಳುವ ಮೊಬೈಲ್ ಆ್ಯಪ್, ಅಂಗಡಿಯವರ ಮಾತು, ಡೇವಿಡ್ ಹಾರ್ಟಿಲ್ ಅವರ ‘ಕಾಸ್ಟ್ ಚೈನೀಸ್ ಕಾಯಿನ್ಸ್’ ಪುಸ್ತಕ, ಮೂರನ್ನೂ ಬಳಸಿ ನೋಡಿದ್ದೇನೆ. ಈಗ ನನ್ನ ಕೈ ಮೊದಲು ಹೋಗುವುದು ಪುಸ್ತಕಕ್ಕೆ. 600 ಹಾಂಗ್‌ಕಾಂಗ್ ಡಾಲರ್ ಕಳೆದುಕೊಂಡು ಕಲಿತದ್ದು ಇದು.

ಹಳೆ ಸಾಮಾನಿನ ಬೀದಿಯ ಒಂದು ಮೇಜಿನ ಮೇಲೆ ಚಿಯಾನ್‌ಲಾಂಗ್ ದೊರೆಯ (1736–1795) ಹಿತ್ತಾಳೆ ನಾಣ್ಯವಿತ್ತು. ಮೇಜಿನ ಈಚೆಯಿಂದ ಎರಡೂ ಬದಿಯ ಫೋಟೊ ತೆಗೆದೆ. ಮುಂಬದಿಯ ನಾಲ್ಕು ಚೀನೀ ಅಕ್ಷರಗಳನ್ನು ಆ್ಯಪ್ ಸರಿಯಾಗಿಯೇ ಓದಿತು. ಹಿಂಬದಿ ನೋಡಿ ಅಪರೂಪದ ಟಂಕಸಾಲೆ, ಬೆಲೆ 1,800 ಡಾಲರ್ ಎಂದಿತು. ಚೌಕಾಸಿ ಮಾಡಿ 600ಕ್ಕೆ ಕೊಂಡೆ.

ಹಿಂಬದಿಯಲ್ಲಿರುವುದು ಆಗ ಚೀನಾವನ್ನು ಆಳುತ್ತಿದ್ದ ಮಂಚು ಜನರ ಲಿಪಿ, ಮೇಲಿನಿಂದ ಕೆಳಕ್ಕೆ ಓದುವಂಥದ್ದು. ಚೌಕ ತೂತಿನ ಎಡಕ್ಕೆ ‘ಬೋ’ ಎಂಬ ಪದ, ಬಲಕ್ಕೆ ಟಂಕಸಾಲೆಯ ಹೆಸರು. ಬೆಲೆ ನಿಂತಿರುವುದೇ ಈ ಬಲಗಡೆಯ ಪದದ ಮೇಲೆ. ನನ್ನ ಫೋಟೊದಲ್ಲಿ ನಾಣ್ಯ ತಲೆಕೆಳಗಾಗಿತ್ತು. ಎಡಬಲ ಅದಲುಬದಲಾಗಿ, ಎಲ್ಲ ಟಂಕಸಾಲೆಗಳಿಗೂ ಸಮಾನವಾದ ‘ಬೋ’ವನ್ನೇ ಆ್ಯಪ್ ಟಂಕಸಾಲೆಯ ಹೆಸರೆಂದು ಹಿಡಿದಿತ್ತು.

ಪುಸ್ತಕ ತರಿಸಿಕೊಂಡ ಮೇಲೆ ನಾಣ್ಯವನ್ನು ನೇರ ಮಾಡಿ, ಭೂತಗನ್ನಡಿ ಹಿಡಿದು ಒಂದೊಂದು ಗೆರೆಯನ್ನೂ ಚಿತ್ರಗಳೊಂದಿಗೆ ತಾಳೆ ನೋಡಿದೆ. ಬಲಗಡೆ ಇದ್ದದ್ದು ‘ಚಿಯುವಾನ್’, ಅಂದರೆ ಬೀಜಿಂಗ್‌ನ ಕಂದಾಯ ಇಲಾಖೆಯ ಟಂಕಸಾಲೆ. ಇಂಥವು ಚಿಲ್ಲರೆ ಕಾಸಿಗೆ ರಾಶಿರಾಶಿಯಾಗಿ ಸಿಗುತ್ತವೆ.

ಜಪಾನಿನ ಕಾನ್‌ಎಯ್ ತ್ಸೂಹೋ ನಾಣ್ಯವನ್ನೂ ಅದೇ ಆ್ಯಪ್ ಚೀನಾದ್ದೆಂದಿತು. ಅಂಗಡಿಯವರಿಗೆ ಗೊತ್ತಿರುತ್ತದೆ, ಆದರೆ ಅವರಿಗೆ ಮಾಲು ಮಾರಬೇಕು.

ಪುಸ್ತಕದ ಕೊರತೆಯೆಂದರೆ ನನ್ನ ಬಳಿಯಿರುವುದು 2005ರ ಆವೃತ್ತಿ, ಬೆಲೆಗೆ ನೆಚ್ಚುವಂತಿಲ್ಲ. ಅದಕ್ಕೆ ಇತ್ತೀಚಿನ ಹರಾಜುಗಳಲ್ಲಿ ನಿಜವಾಗಿ ಮಾರಾಟವಾದ ದರ ನೋಡುತ್ತೇನೆ. ಅವಸರದಲ್ಲಿರುವವರಿಗೆ ಪುಸ್ತಕ ಒಗ್ಗದು. ನನಗೆ ಶನಿವಾರದ ಸಂಜೆಗಳು ಬಿಡುವು, ಕೊಳ್ಳುವುದೂ ಅಗ್ಗದ ಗೊಂಚಲು ನಾಣ್ಯಗಳನ್ನೇ.

ಕಳೆದ ವಾರ ಅಂಥದೊಂದು ಗೊಂಚಲಿನಲ್ಲಿ ಟ್ಯಾಂಗ್ ರಾಜಮನೆತನದ ಕಾಲದ ಕಾಯ್‌ಯುವಾನ್ ನಾಣ್ಯ ಸಿಕ್ಕಿತು. ಆ್ಯಪ್ ‘ಟ್ಯಾಂಗ್’ ಎಂದು ಸುಮ್ಮನಾಯಿತು. ಪುಸ್ತಕ ನೋಡಿದರೆ, 621ರಲ್ಲಿ ಶುರುವಾದ ಈ ನಾಣ್ಯದ ಮೊದಲ ಎರಕಗಳಲ್ಲಿ ‘ಯುವಾನ್’ ಅಕ್ಷರದ ಮೇಲಿನ ಅಡ್ಡಗೆರೆ ಗಿಡ್ಡ. ನನ್ನದರಲ್ಲಿ ಆ ಗೆರೆ ಉದ್ದವಿದೆ, ಹಿಂಬದಿಯಲ್ಲಿ ಉಗುರು ಒತ್ತಿದಂಥ ಅರ್ಧಚಂದ್ರವೂ ಇದೆ. ಅದನ್ನು ನಂತರದ ಎರಕಗಳ ಜೊತೆ ಇಟ್ಟಿದ್ದೇನೆ.